ತಲೆಬಾಗಿದ ಸಿದ್ಧರಾಮ



ಗುರುವಿನ ಅಧಿಕಾರಕ್ಕೆ ಒಪ್ಪಿಸಿಕೊಳ್ಳುವುದು ಮತ್ತು ವಿನಯದಿಂದ ಸೇವೆ ಮಾಡುವುದು, ಇವೆರಡನ್ನೂ ಕೂಡಿಸಿ ಮಾತಾಡಬೇಕೆಂದು ನೀವು ಹೇಳಿದ್ದೀರಿ. ಗುರುವಿನದು ದೇವರೇ ಕೊಟ್ಟ ಅಧಿಕಾರ ಎಂಬ ಮಾತನ್ನು ಇಂದು ಆಡುವುದು ಸುಲಭವಲ್ಲ. ಕಾವಿ ಕಂಡಲ್ಲೆಲ್ಲ ಅಡ್ಡಬೀಳುವವರು ಒಂದು ಕಡೆ ಇದ್ದಾರೆ, ಯಾರ ಮುಂದೆಯೂ ತಲೆ ಬಾಗಿಸುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಅವರವರ ಕಾರಣಗಳಿವೆ, ಇಬ್ಬರ ಕಾರಣಗಳನ್ನೂ ನಾನು ಗೌರವಿಸುತ್ತೇನೆ. ಆದರೆ ಕನ್ನಡದ ನೆಲದಲ್ಲಿ ಈ ಪ್ರಶ್ನೆಯನ್ನು ಎದುರಿಟ್ಟುಕೊಂಡು, ಬಾಗುವುದೆಂದರೇನು, ಯಾರಿಗೆ ಬಾಗಬೇಕು, ಬಾಗಿದ ಮೇಲೆ ಮನುಷ್ಯ ಏನಾಗುತ್ತಾನೆ ಎಂದು ನೂರಾರು ಪುಟ ವಾದಿಸಿದ ಗ್ರಂಥವೊಂದಿದೆ. ಅದು ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆ. ಅದರೊಳಗಿನ ಒಬ್ಬ ವ್ಯಕ್ತಿಯನ್ನು ಹಿಡಿದು ಮಾತಾಡುತ್ತೇನೆ. ಆತ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ.

ಸಿದ್ಧರಾಮನನ್ನೇ ಆರಿಸಿಕೊಳ್ಳಲು ಕಾರಣವಿದೆ. ಬಾಗುವುದು ಗತಿಯಿಲ್ಲದವನ ಕೆಲಸ ಎಂದು ನಾವು ಎಣಿಸುತ್ತೇವೆ. ಇವನಾದರೋ ಎಲ್ಲವೂ ಇದ್ದವನು. ಊರು ಇತ್ತು, ಜನ ಇದ್ದರು, ಕೀರ್ತಿ ಇತ್ತು, ಮೇಲಾಗಿ ದೇವರಿಂದಲೇ ಪಡೆದ ಅಪ್ಪಣೆ ಇತ್ತು. ಅಂಥವನು ತನಗಿಂತ ವಯಸ್ಸಿನಲ್ಲಿ ಚಿಕ್ಕವನೊಬ್ಬನ ಮುಂದೆ ಕೈಯೊಡ್ಡಿ ನಿಂತ. ಅದು ಹೇಗಾಯಿತು ಎಂಬುದೇ ಇವತ್ತಿನ ನನ್ನ ವಿಷಯ.

ಕಥೆಯ ಆರಂಭವನ್ನು 13ನೇ ಶತಮಾನದ ರಾಘವಾಂಕ ತನ್ನ ಸಿದ್ಧರಾಮ ಚಾರಿತ್ರದಲ್ಲಿ ಹೇಳಿದ್ದಾನೆ. ತಂದೆ ಮುದ್ದಗೌಡ, ತಾಯಿ ಸುಗ್ಗವ್ವೆ. ಹುಡುಗ ಮಾತು ಕಡಿಮೆಯವನು, ಮಂಕನಂತೆ ಕಾಣುವವನು. ಹೊಲದಲ್ಲಿದ್ದಾಗ ಜಂಗಮನೊಬ್ಬ ಬರುತ್ತಾನೆ, ಹೆಸರು ಮಲ್ಲಯ್ಯ ಎನ್ನುತ್ತಾನೆ, ಹಸಿವು ಎನ್ನುತ್ತಾನೆ. ಹುಡುಗ ತೆನೆ ಸುಟ್ಟು ಕೊಡುತ್ತಾನೆ. ಇನ್ನೂ ಬೇಕು ಎಂದಾಗ ಮನೆಗೆ ಓಡಿ ಅನ್ನ ಮಜ್ಜಿಗೆ ತರುತ್ತಾನೆ. ಬಂದು ನೋಡಿದರೆ ಮಲ್ಲಯ್ಯ ಇಲ್ಲ. ಅಳುತ್ತ ಹುಡುಕುತ್ತ ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತುತ್ತಾನೆ. ಅವರು ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ನಿನ್ನ ಮಲ್ಲಯ್ಯ ಎಂದರೆ ಒಪ್ಪುವುದಿಲ್ಲ. ಕೊನೆಗೆ ಕಮರಿಯ ಅಂಚಿಗೆ ಹೋಗಿ ಬೀಳಹೊರಟಾಗ ಮಲ್ಲಿಕಾರ್ಜುನನೇ ಬಂದು ಹಿಡಿದುಕೊಳ್ಳುತ್ತಾನೆ.

ಆಗ ದೇವರು ಹೇಳಿದ್ದೇನು? ಇಲ್ಲಿಯೇ ನನ್ನ ಬಳಿ ಇರು ಎಂದಲ್ಲ. ಊರಿಗೆ ಹಿಂದಿರುಗು, ಸೊನ್ನಲಿಗೆಯನ್ನೇ ಶ್ರೀಶೈಲ ಮಾಡು ಎಂದು. ಸಿದ್ಧರಾಮನ ಇಡೀ ಬದುಕು ಈ ಒಂದು ಅಪ್ಪಣೆಯ ಮೇಲೆ ನಿಂತಿದೆ. ಅವನು ಹಿಂದಿರುಗಿದ. ಗುಡಿ ಕಟ್ಟಿಸಿದ, ಲಿಂಗಗಳನ್ನು ಸ್ಥಾಪಿಸಿದ. ಸೊಲ್ಲಾಪುರದ ಸುತ್ತ ಅವನು ನಿಲ್ಲಿಸಿದನೆನ್ನುವ 68 ಲಿಂಗಗಳನ್ನು ಜನ ಇಂದಿಗೂ ಸುತ್ತಿ ಬರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಕೆರೆ ಕಟ್ಟಿಸಿದ. ಸೊಲ್ಲಾಪುರದ ಸೀಮೆ ಮಳೆ ಕಡಿಮೆಯ ಸೀಮೆ. ಅಲ್ಲಿ ಕೆರೆ ಎಂದರೆ ಊರಿನ ಬದುಕು. ಕೆರೆ ಕಟ್ಟುವುದು ಒಬ್ಬನಿಂದ ಆಗುವ ಕೆಲಸವೂ ಅಲ್ಲ. ಮಣ್ಣು ಅಗೆಯುವವರು, ಹೊರುವವರು, ಕಲ್ಲು ಒಡೆಯುವವರು, ಏರಿ ಗಟ್ಟಿಸುವವರು, ಅವರಿಗೆಲ್ಲ ಅಡುಗೆ ಮಾಡುವವರು, ಇವರನ್ನೆಲ್ಲ ಒಂದು ಮಾತಿಗೆ ನಿಲ್ಲಿಸುವ ನಾಯಕ ಬೇಕು. ಸಿದ್ಧರಾಮ ಅಂಥ ನಾಯಕನಾಗಿದ್ದ. ಅವನ ಮಾತು ಅಲ್ಲಿ ನಡೆಯುತ್ತಿತ್ತು.

ಮುಂದಿನ ಭಾಗಕ್ಕೆ ನಮ್ಮ ಆಕರ ಬೇರೆ. ವಚನಕಾರ ಅಲ್ಲಮಪ್ರಭು ಸೊನ್ನಲಿಗೆಗೆ ಬಂದದ್ದು, ಸಿದ್ಧರಾಮನನ್ನು ಬಸವಣ್ಣನಿದ್ದ ಕಲ್ಯಾಣಕ್ಕೆ ಕರೆದೊಯ್ದದ್ದು, ಅಲ್ಲಿ ಚೆನ್ನಬಸವಣ್ಣನಿಂದ ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗದ ದೀಕ್ಷೆಯಾದದ್ದು, ಇದೆಲ್ಲ ಬರುವುದು ಶೂನ್ಯಸಂಪಾದನೆಯಲ್ಲಿ. ರಾಘವಾಂಕನಲ್ಲಿ ಆ ದೀಕ್ಷೆಯ ಪ್ರಸಂಗ ಇಲ್ಲ. ಆದ್ದರಿಂದ ಇದು ಚರಿತ್ರೆಯಲ್ಲಿ ನಡೆಯಿತೇ ಇಲ್ಲವೇ ಎಂಬ ಚರ್ಚೆ ನಮ್ಮ ವಿದ್ವಾಂಸರಲ್ಲಿ ಬಹಳ ಕಾಲದಿಂದ ಇದೆ. ಅದನ್ನು ಇಲ್ಲಿ ತೀರ್ಮಾನಿಸಲು ಹೊರಡುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ಶೂನ್ಯಸಂಪಾದನೆಗಳು ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ, ಈ ನಾಲ್ವರು ಸಂಕಲನಕಾರರು. ಮೊದಲನೆಯವನು 15ನೇ ಶತಮಾನದವನು. 1424ರಿಂದ 1446ರವರೆಗೆ ಆಳಿದ ಪ್ರೌಢದೇವರಾಯನ ವಿಜಯನಗರದಲ್ಲಿ ವೀರಶೈವ ವಿರಕ್ತರು ಗ್ರಂಥಗಳನ್ನು ಕೂಡಿಹಾಕುತ್ತಿದ್ದ, ಮಠಗಳು ಬೇರೂರುತ್ತಿದ್ದ ಕಾಲ ಅದು. ಪೀಠದಲ್ಲಿ ಕೂರುವವನ ಯೋಗ್ಯತೆ ಏನು ಎಂಬುದು ಆ ಕಾಲದವರ ನಿತ್ಯದ ಪ್ರಶ್ನೆಯಾಗಿತ್ತು. ಅವರು ಅದಕ್ಕೆ ಉತ್ತರವನ್ನು ಕಲ್ಯಾಣದ ಕಥೆಯೊಳಗೆ ಹುಡುಕಿದರು. ಹಾಗಾಗಿ ಈ ಪ್ರಸಂಗವನ್ನು ಅವರ ಉತ್ತರವೆಂದೇ ನಾನು ಓದುತ್ತೇನೆ.

ಅಲ್ಲಮ ಕೆರೆಯ ಬಳಿಗೆ ಬರುತ್ತಾನೆ. ಕೆಲಸ ಭರದಿಂದ ಸಾಗಿದೆ. ಎಲ್ಲಿ ನಿಮ್ಮ ರಾಮ ಎಂದು ಕೇಳುತ್ತಾನೆ, ಮಣ್ಣು ಹೊರುವವರ ಕುಲದ ಹೆಸರನ್ನು ಅವನ ಹೆಸರಿಗೆ ಸೇರಿಸಿ ಕೇಳುತ್ತಾನೆ. ಕೆಲಸಗಾರರಿಗೆ ಇದು ಸಹಿಸಲಾಗದ ಮಾತು. ತಮ್ಮ ಗುರುವನ್ನು ಹೀಗೆ ಕರೆಯುವವನು ಯಾರು ಎಂದು ಕೈಯಲ್ಲಿದ್ದ ಕಲ್ಲುಗಳನ್ನೇ ಬೀರುತ್ತಾರೆ. ಕಲ್ಲುಗಳು ಅಲ್ಲಮನಿಗೆ ತಾಗುವುದಿಲ್ಲ ಎಂದು ಕಥೆ. ಸುದ್ದಿ ಸಿದ್ಧರಾಮನಿಗೆ ಮುಟ್ಟುತ್ತದೆ. ಅವನು ಸಿಟ್ಟಿನಿಂದ ಬರುತ್ತಾನೆ. ಮಾತಿಗೆ ಮಾತು ಬೆಳೆದು ಹಣೆಗಣ್ಣು ತೆರೆಯುತ್ತಾನೆ. ಉರಿ ಹೊರಟು ಸುತ್ತ ಹಬ್ಬುತ್ತದೆ, ಅಲ್ಲಮನ ಪಾದದ ಬಳಿ ಬಂದು ಅಡಗುತ್ತದೆ.

ಈ ಪವಾಡದ ಭಾಗವನ್ನು ಬದಿಗಿಟ್ಟು ನೋಡಿದರೂ ಒಂದು ಸತ್ಯ ಉಳಿಯುತ್ತದೆ. ದೇವರ ಅಪ್ಪಣೆಯಂತೆ ಲೋಕೋಪಕಾರ ಮಾಡುತ್ತಿದ್ದವನೊಳಗೆ ಅಷ್ಟು ಬೆಂಕಿ ಇತ್ತು. ಒಂದು ಹೆಸರು ಹಿಡಿದು ಕರೆದಷ್ಟಕ್ಕೆ ಅದು ಹೊರಗೆ ಬಂತು. ಕೆರೆ ಒಳ್ಳೆಯದೇ, ಗುಡಿ ಒಳ್ಳೆಯದೇ, ಹಸಿದವರಿಗೆ ಉಣಿಸಿದ್ದು ಒಳ್ಳೆಯದೇ. ಆದರೆ ಅಷ್ಟೂ ಒಳ್ಳೆಯದರ ನಡುವೆ ನಾನು ಮಾಡಿದೆ ಎಂಬುದೊಂದು ಬೆಳೆದು ನಿಂತಿತ್ತು. ಅಲ್ಲಮ ಕೆರೆಯ ಕೆಲಸ ನಿಲ್ಲಿಸು ಎಂದು ಬಂದವನಲ್ಲ. ಮಾಡುವವನು ಯಾರು ಎಂದು ಕೇಳಲು ಬಂದವನು. ಸೇವೆಯಲ್ಲಿ ತೊಡಗಿದವರೆಲ್ಲರೂ ಈ ಪ್ರಶ್ನೆಗೆ ಹೆದರಬೇಕು. ಕೆಡುಕಿನಿಂದ ಹುಟ್ಟಿದ ಅಹಂಕಾರ ಬೇಗ ಕಣ್ಣಿಗೆ ಬೀಳುತ್ತದೆ, ಬೇರೆಯವರೂ ಅದನ್ನು ತೋರಿಸಿಕೊಡುತ್ತಾರೆ. ಒಳ್ಳೆಯ ಕೆಲಸದಿಂದ ಹುಟ್ಟಿದ ಅಹಂಕಾರವನ್ನು ಯಾರೂ ತೋರಿಸಿಕೊಡುವುದಿಲ್ಲ. ಊರೆಲ್ಲ ಕೈಮುಗಿಯುವವನಿಗೆ ನಿನ್ನೊಳಗೆ ಇದಿದೆ ಎಂದು ಹೇಳುವ ಧೈರ್ಯ ಯಾರಿಗೆ? ಹಾಗೆ ಹೇಳಬಲ್ಲ ಒಬ್ಬ ಬೇಕು, ಅವನ ಮಾತಿಗೆ ನಿಲ್ಲುವ ಮನಸ್ಸೂ ಬೇಕು. ಗುರುವಿನ ಅಧಿಕಾರದ ಮೊದಲ ಅಗತ್ಯ ನನಗೆ ಕಾಣುವುದು ಇಲ್ಲಿಯೇ.

ಸಿದ್ಧರಾಮ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೊರಡುತ್ತಾನೆ. ಈಗ ಕಲ್ಯಾಣದ ಬಾಗಿಲಲ್ಲಿ ನಡೆದದ್ದನ್ನು ಕೊಂಚ ನಿಧಾನವಾಗಿ ನೋಡೋಣ, ಏಕೆಂದರೆ ಸಿದ್ಧರಾಮನ ದೀಕ್ಷೆಯ ಅರ್ಥ ತೆರೆದುಕೊಳ್ಳುವುದು ಅಲ್ಲಿ ಎಂದು ನನ್ನ ನಂಬಿಕೆ.

ಬಸವಣ್ಣ ಆಗ ಕಲ್ಯಾಣದ ದೊರೆ ಬಿಜ್ಜಳನ ಭಂಡಾರಿ. ಶರಣರು ಕೂಡಿ ಚರ್ಚಿಸುವ ಅನುಭವ ಮಂಟಪ ಅವನು ಕಟ್ಟಿದ್ದು. ಅದರ ಗುರುಪೀಠವಾದ ಶೂನ್ಯಸಿಂಹಾಸನವನ್ನು ಸಜ್ಜುಗೊಳಿಸಿದವನೂ ಅವನೇ. ಆದರೆ ಅದರ ಮೇಲೆ ತಾನು ಕೂತಿಲ್ಲ. ಕೂರತಕ್ಕವನಿಗಾಗಿ ಕಾಯುತ್ತಿದ್ದಾನೆ. ಆ ಕೂರತಕ್ಕವನು ಬಾಗಿಲಿಗೆ ಬಂದು ನಿಂತಾಗ ಬಸವಣ್ಣ ಲಿಂಗಪೂಜೆಯಲ್ಲಿದ್ದ. ಎದ್ದು ಬರಲಿಲ್ಲ, ಹಡಪದ ಅಪ್ಪಣ್ಣನನ್ನು ಕಳಿಸಿ ಒಳಗೆ ಕರೆಸಿದ. ಅಲ್ಲಮ ಒಳಗೆ ಬರಲಿಲ್ಲ. ಆಗ ಬಸವಣ್ಣನಿಗೆ ತಪ್ಪನ್ನು ತೋರಿಸಿದವನು ಚೆನ್ನಬಸವಣ್ಣ. ಜಂಗಮ ಬಾಗಿಲಲ್ಲಿ ನಿಂತಿರುವಾಗ ಒಳಗೆ ಲಿಂಗಪೂಜೆ ನಡೆಸುವುದು ಸರಿಯಲ್ಲ ಎಂಬುದು ಅವನ ಮಾತಿನ ತಿರುಳು. ಈ ಚೆನ್ನಬಸವಣ್ಣ ಯಾರು? ಅಕ್ಕನಾಗಮ್ಮನ ಮಗ, ಬಸವಣ್ಣನ ಸೋದರಳಿಯ. ಮಾವನ ಮನೆಯಲ್ಲಿ ಬೆಳೆದ ಹುಡುಗ. ಅವನು ಹೇಳಿದ, ಬಸವಣ್ಣ ಕೇಳಿದ. ಪೂಜೆಯಿಂದೆದ್ದು ಬಾಗಿಲಿಗೆ ಬಂದು ಅಲ್ಲಮನ ಕಾಲಿಗೆ ಬಿದ್ದು ಬೇಡಿಕೊಂಡ.

ಇದೆಲ್ಲ ನಡೆಯುವಾಗ ಸಿದ್ಧರಾಮ ಅಲ್ಲಿಯೇ ನಿಂತಿದ್ದಾನೆ. ತಾನು ಕಂಡು ಕೇಳಿದವರಲ್ಲೆಲ್ಲ ದೊಡ್ಡವನಾದ ಬಸವಣ್ಣ ಅಳಿಯನ ಮಾತಿಗೆ ತಲೆಬಾಗಿದ್ದನ್ನು ಅವನು ಕಣ್ಣಾರೆ ನೋಡುತ್ತಿದ್ದಾನೆ. ಗ್ರಂಥಕಾರ ಇದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ಈ ಪ್ರಸಂಗವನ್ನು ಇಲ್ಲಿ ಇಟ್ಟು, ಮುಂದೆ ಅದೇ ಅಳಿಯನಿಂದಲೇ ಸಿದ್ಧರಾಮನಿಗೆ ದೀಕ್ಷೆ ಕೊಡಿಸಿದ್ದರಲ್ಲಿ ಬಹಳ ಆಲೋಚನೆ ಇದೆ. ಬಸವಣ್ಣ ಬಾಗದಿದ್ದರೆ ಸಿದ್ಧರಾಮ ಬಾಗುತ್ತಿರಲಿಲ್ಲ.

ಅಲ್ಲಮನಾದರೂ ಬಾಗಿಸುವ ಹಕ್ಕನ್ನು ಎಲ್ಲಿಂದ ಪಡೆದ? ಅವನ ಗುರು ಅನಿಮಿಷಯ್ಯ. ನೆಲದಡಿ ಹುದುಗಿಹೋದ ಗುಡಿಯೊಂದರಲ್ಲಿ ಸಮಾಧಿಯಲ್ಲಿ ಕುಳಿತಿದ್ದವನು. ಅಲ್ಲಮ ಮಣ್ಣು ತೋಡಿ ಒಳಗೆ ಇಳಿದು, ಗುರುವಿನ ಕೈಯಲ್ಲಿದ್ದ ಲಿಂಗವನ್ನು ತನ್ನ ಕೈಗೆ ತೆಗೆದುಕೊಂಡಾಗ ಅನಿಮಿಷಯ್ಯನ ಪ್ರಾಣ ಹೋಯಿತು. ಅಲ್ಲಮನಿಗೆ ಗುರುವಿನ ಬಾಯಿಂದ ಒಂದು ಮಾತೂ ಸಿಗಲಿಲ್ಲ. ಮಠ ಸಿಗಲಿಲ್ಲ, ಪದವಿ ಸಿಗಲಿಲ್ಲ. ಲಾಭವೇ ಇಲ್ಲದ ಕಡೆ ಶರಣಾದವನು ಅವನು. ಶೂನ್ಯಸಂಪಾದನೆಯಲ್ಲಿ ಅಧಿಕಾರ ನಡೆಸುವವರೆಲ್ಲರೂ ಹೀಗೆ ಮೊದಲು ಎಲ್ಲಿಯೋ ತಲೆ ಕೊಟ್ಟವರೇ ಆಗಿದ್ದಾರೆ.

ಈಗ ದೀಕ್ಷೆಯ ಪ್ರಸಂಗ. ಸಿದ್ಧರಾಮ ಸುಲಭವಾಗಿ ಒಪ್ಪಿದ ಎಂದು ತಿಳಿಯಬೇಡಿ. ಅವನು ವಾದಿಸುತ್ತಾನೆ. ಬಾಲ್ಯದಲ್ಲೇ ಮಲ್ಲಿಕಾರ್ಜುನನನ್ನು ಕಂಡವನು ಅವನು. ಒಳಗೆ ಬೆಳಕಾದವನಿಗೆ ಅಂಗೈಯ ಮೇಲೆ ಒಂದು ಕುರುಹು ಯಾಕೆ ಬೇಕು? ಈ ಪ್ರಶ್ನೆಯನ್ನು ಯಾರೂ ತಳ್ಳಿಹಾಕುವುದಿಲ್ಲ. ಗುರುವಿನೆದುರು ಎದುರುತ್ತರ ಕೊಡುತ್ತೀಯಾ ಎಂದು ಗದರಿಸುವುದಿಲ್ಲ. ಪುಟಗಟ್ಟಲೆ ಮಾತುಕತೆ ನಡೆಯುತ್ತದೆ, ಒಬ್ಬರ ವಚನಕ್ಕೆ ಇನ್ನೊಬ್ಬರ ವಚನ ಉತ್ತರವಾಗಿ ಬರುತ್ತದೆ. ಒಳಗಿನ ಅರಿವು ಹೊರಗಿನ ಆಚಾರದಲ್ಲಿ ನೆಲೆ ನಿಲ್ಲಬೇಕು ಎಂಬುದು ಚೆನ್ನಬಸವಣ್ಣನ ಪಕ್ಷ. ಭಕ್ತಿಯ ಆರು ಹಂತಗಳಾದ ಷಟ್‌ಸ್ಥಲದ ಇಡೀ ವಿವೇಚನೆಯನ್ನು ಕ್ರಮಗೊಳಿಸಿದವನ ಮಾತು ಅದು. ಕೊನೆಗೆ ಸಿದ್ಧರಾಮ ಒಪ್ಪುತ್ತಾನೆ. ಸೋತು ಒಪ್ಪಿದ್ದಲ್ಲ, ತಿಳಿದು ಒಪ್ಪಿದ್ದು. ಕೆರೆಗಳನ್ನು ಕಟ್ಟಿಸಿದ, ನೂರಾರು ಜನರನ್ನು ದುಡಿಸಿದ, ಸ್ವತಃ ಗುರು ಎನ್ನಿಸಿಕೊಂಡಿದ್ದ ಮನುಷ್ಯ ಚಿಕ್ಕವನಿಂದ ಲಿಂಗ ಪಡೆಯುತ್ತಾನೆ.

ಇಲ್ಲಿ ಅಲ್ಲಮ ಮಾಡಿದ ಒಂದು ಕೆಲಸವನ್ನು ಗಮನಿಸಬೇಕು, ನಾನು ಈ ಉಪನ್ಯಾಸದಲ್ಲಿ ಹೇಳಬೇಕೆಂದಿರುವುದು ಬಹುಮಟ್ಟಿಗೆ ಅದನ್ನೇ. ಸೊನ್ನಲಿಗೆಗೆ ಹೋದವನು ಅಲ್ಲಮ. ಕಲ್ಲೇಟಿಗೆ ಎದುರಾದವನು ಅವನು, ಉರಿಯನ್ನು ತಡೆದವನು ಅವನು, ಸಿದ್ಧರಾಮನ ಅಹಂಕಾರವನ್ನು ಮುರಿದವನೂ ಅವನೇ. ಆ ಗಳಿಗೆಯಲ್ಲಿ ಅಲ್ಲಮ ಏನು ಕೇಳಿದ್ದರೂ ಸಿದ್ಧರಾಮ ಕೊಡುತ್ತಿದ್ದ. ಆದರೂ ಅಲ್ಲಮ ಅವನನ್ನು ತನ್ನ ಶಿಷ್ಯನನ್ನಾಗಿ ಮಾಡಿಕೊಳ್ಳಲಿಲ್ಲ. ಸೊನ್ನಲಿಗೆಯ ಗುಡಿಗಳನ್ನು ತನ್ನವೆನ್ನಲಿಲ್ಲ. ಅಲ್ಲಿಯ ಜನರನ್ನು ತನ್ನ ಭಕ್ತರೆನ್ನಲಿಲ್ಲ. ಕೈಹಿಡಿದು ಕಲ್ಯಾಣಕ್ಕೆ ಕರೆದುಕೊಂಡು ಹೋಗಿ ಇನ್ನೊಬ್ಬನಿಗೆ ಒಪ್ಪಿಸಿದ. ಮುಂದೆ ಶೂನ್ಯಸಿಂಹಾಸನವನ್ನೇ ಬಿಟ್ಟು ಶ್ರೀಶೈಲದ ಕದಳಿಗೆ ಹೊರಟುಹೋದ. ದೇವರು ಕೊಟ್ಟ ಅಧಿಕಾರ ಯಾವುದು ಎಂದು ಗುರುತಿಸುವುದಕ್ಕೆ ಇದಕ್ಕಿಂತ ಬಲವಾದ ಲಕ್ಷಣವನ್ನು ನಾನು ಎಲ್ಲಿಯೂ ಓದಿಲ್ಲ. ಅಂಥ ಅಧಿಕಾರ ಬಾಗಿದವನನ್ನು ಇಟ್ಟುಕೊಳ್ಳುವುದಿಲ್ಲ, ಮುಂದಕ್ಕೆ ಕಳಿಸುತ್ತದೆ.

ಹಾಗಾದರೆ ಗುರುವಿನ ಮಾತೆಲ್ಲ ಶಿರಸಾವಹಿಸಬೇಕಾದದ್ದೇ? ರಾಘವಾಂಕನ ಬದುಕಿನ ಕಥೆಯನ್ನು ಇಲ್ಲಿ ನೆನೆಯದಿದ್ದರೆ ನನ್ನ ಮಾತು ಅರೆಯಾಗುತ್ತದೆ. ಅವನ ಸೋದರಮಾವ ಹಂಪೆಯ ಹರಿಹರ, ಗುರುವೂ ಅವನೇ. ರಾಘವಾಂಕ ಹರಿಶ್ಚಂದ್ರ ಕಾವ್ಯ ಬರೆದ. ಶಿವನನ್ನೂ ಶಿವಶರಣರನ್ನೂ ಬಿಟ್ಟು ನರನೊಬ್ಬನನ್ನು ಹಾಡಿದೆಯಾ ಎಂದು ಹರಿಹರ ಕೋಪಗೊಂಡು ಹೊಡೆದ, ರಾಘವಾಂಕನ ಹಲ್ಲುಗಳು ಉದುರಿದವು, ಆಮೇಲೆ ಶಿವಶರಣರ ಕಾವ್ಯಗಳನ್ನು ಬರೆದಂತೆಲ್ಲ ಮರಳಿ ಬಂದವು ಎಂದು ಐತಿಹ್ಯ. ಸಿದ್ಧರಾಮ ಚಾರಿತ್ರ ಆ ಶರಣ ಕಾವ್ಯಗಳಲ್ಲೊಂದು. ರಾಘವಾಂಕ ಗುರುವಿಗೆ ಬಾಗಿದ, ಆ ಬಾಗುವಿಕೆಯಿಂದ ನಮಗೆ ಸಿದ್ಧರಾಮನ ಕಥೆ ದೊರಕಿತು. ಇದು ನಿಜ. ಆದರೆ ಹರಿಶ್ಚಂದ್ರ ಕಾವ್ಯವನ್ನು ಕನ್ನಡ ಕಳೆದುಕೊಳ್ಳಲಿಲ್ಲ ಎಂಬುದೂ ನಿಜ. ಇಂದಿಗೂ ಗಮಕಿಗಳು ಅದನ್ನು ಓದುತ್ತಾರೆ, ಜನ ಕಣ್ಣೀರು ಹಾಕುತ್ತಾರೆ, ಅವನ ಕೃತಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಗಳಿಸಿದ್ದು ಅದೇ. ಗುರುವಿನ ಕೋಪಕ್ಕೆ ಹೆದರಿ ಆ ಓಲೆಗಳು ಬೆಂಕಿಗೆ ಬಿದ್ದಿದ್ದರೆ ನಾವೆಲ್ಲ ಬಡವರಾಗುತ್ತಿದ್ದೆವು. ಹರಿಹರನ ಭಕ್ತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಆ ಕಥೆಯಲ್ಲಿ ಹೊಡೆದ ಕೈಯನ್ನು ನಾನು ಒಪ್ಪಲಾರೆ. ಅಲ್ಲಮನ ಮಾತು ಕಟುವಾಗಿತ್ತು, ಅಪಮಾನವೇ ಆಗಿತ್ತು, ಆದರೆ ಅದು ಕೈಯಾಗಲಿಲ್ಲ. ಕೈ ಎತ್ತಿದ್ದು ಎದುರಿನವರು.

ಶರಣರ ಬಳಗದಲ್ಲಿ ತಿದ್ದುವ ಹಕ್ಕು ಮೇಲಿನವರಿಗೆ ಮಾತ್ರ ಮೀಸಲಾಗಿರಲಿಲ್ಲ. ಆಯ್ದಕ್ಕಿ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಇಷ್ಟು ನಮಗೇಕೆ, ಇದು ಆಸೆಯ ಅಕ್ಕಿ, ತಂದಲ್ಲಿಗೇ ಒಯ್ದು ಹಾಕು ಎಂದು ತಿರುಗಿ ಕಳಿಸಿದಳು. ಮಾರಯ್ಯ ಹೋದ. ಕಲ್ಯಾಣದಲ್ಲಿ ಸಿಂಹಾಸನ ಒಂದೇ ಇದ್ದಿರಬಹುದು, ಆದರೆ ಅಧಿಕಾರ ಅದರ ಮೇಲಷ್ಟೇ ಇರಲಿಲ್ಲ. ಅಕ್ಕಿ ಅಳೆಯುವ ಅಡುಗೆಮನೆಯಲ್ಲೂ ಅದು ಇತ್ತು. ಅಲ್ಲಿ ಅದನ್ನು ನಡೆಸಿದವಳು ಬಡವೆಯೊಬ್ಬಳು. ಅವಳಿಗೆ ಆ ಅಧಿಕಾರವನ್ನು ಯಾವ ಪೀಠವೂ ಕೊಟ್ಟದ್ದಲ್ಲ, ಅವಳ ನಡೆಯೇ ಕೊಟ್ಟದ್ದು.

ಸಿದ್ಧರಾಮನ ಮುಂದಿನ ಬದುಕಿನ ಬಗ್ಗೆ ಪರಂಪರೆ ಹೇಳುವುದು ಕಡಿಮೆ, ಆದರೆ ಹೇಳುವಷ್ಟು ಸಾಕು. ಅಲ್ಲಮನ ನಂತರ ಚೆನ್ನಬಸವಣ್ಣ, ಚೆನ್ನಬಸವಣ್ಣನ ನಂತರ ಸಿದ್ಧರಾಮ ಶೂನ್ಯಸಿಂಹಾಸನದ ಹೊಣೆ ಹೊತ್ತರು ಎಂದು ಶೂನ್ಯಪೀಠದ ಪರಂಪರೆ ಎಣಿಸುತ್ತದೆ. ದೀಕ್ಷೆ ಬೇಡವೆಂದು ವಾದಿಸಿದವನೇ ಆ ಸಾಲಿನ ಮೂರನೆಯವನಾದ. ಅವನು ಐಕ್ಯನಾದದ್ದು ಸೊನ್ನಲಿಗೆಯಲ್ಲೇ. ಸೊಲ್ಲಾಪುರ ಇಂದು ಮಹಾರಾಷ್ಟ್ರದಲ್ಲಿದೆ, ಅಲ್ಲಿ ಕನ್ನಡ ಮಾತಾಡುವ ಮನೆಗಳು ಇನ್ನೂ ಬೇಕಾದಷ್ಟಿವೆ. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಭಾರಿ ಎತ್ತರದ ಆ ಕೋಲುಗಳನ್ನು ಸಮತೋಲ ತಪ್ಪದಂತೆ ಹೊರಲು ಜನ ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ಇನ್ನೊಂದು ಮಾತು. ಕಲ್ಲು ಮಣ್ಣಿನ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಭೋವಿ ಸಮುದಾಯ ಸಿದ್ಧರಾಮೇಶ್ವರನನ್ನು ತನ್ನ ಗುರುವೆಂದು ಪೂಜಿಸುತ್ತದೆ. ಕರ್ನಾಟಕದ ಊರೂರಲ್ಲಿ ಅವನ ಜಯಂತಿಯನ್ನು ಆಚರಿಸುತ್ತದೆ. ಅಂದು ಕೆರೆಯ ಏರಿಯ ಮೇಲೆ ಅಪಮಾನವೆಂದು ಕೇಳಿಸಿದ ಸಂಬಂಧವನ್ನು ಇವರು ಹೆಮ್ಮೆಯಿಂದ ಉಳಿಸಿಕೊಂಡಿದ್ದಾರೆ. ಕೆರೆ ಅಗೆದವರಿಗೆ ಅವನು ತಮ್ಮವನಾಗಿ ಉಳಿದ ಎಂಬುದು ಅವನಿಗೆ ದೊರೆತ ದೊಡ್ಡ ಗೌರವ ಎಂದು ನಾನು ಭಾವಿಸುತ್ತೇನೆ.

ನಮ್ಮ ಕಾಲಕ್ಕೆ ಹತ್ತಿರದ ಒಂದು ನಿದರ್ಶನವನ್ನೂ ಹೇಳಿಬಿಡುತ್ತೇನೆ. 1930ರಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಉತ್ತರಾಧಿಕಾರಿ ಮರುಳಾರಾಧ್ಯರು ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದಿದ್ದವರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಶಿವಣ್ಣ ಎಂಬ ಮಾಗಡಿ ಸೀಮೆಯ ತರುಣನಿದ್ದ. ಹಿರಿಯ ಗುರು ಉದ್ದಾನ ಶಿವಯೋಗಿಗಳು ಅವನನ್ನೇ ಆರಿಸಿದರು. ಆ ತರುಣನಿಗೆ ಅದು ಕನಸಿನಲ್ಲೂ ಇಲ್ಲದ ದಾರಿ. ಒಪ್ಪಿದ. ಮಾರ್ಚ್ 3ರಂದು ವಿರಕ್ತಾಶ್ರಮ ಪಡೆದು ಶಿವಕುಮಾರ ಸ್ವಾಮಿಯಾದ. ಕಾವಿ ಉಟ್ಟುಕೊಂಡೇ ಕಾಲೇಜಿಗೆ ಮರಳಿ ಓದು ಮುಗಿಸಿದರು. 1941ರಲ್ಲಿ ಉದ್ದಾನ ಶ್ರೀಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ತಿ ಭಾರ ಅವರ ಹೆಗಲಿಗೆ ಬಂತು. ಆ ಅಧಿಕಾರವನ್ನು ಅವರು ಏನು ಮಾಡಿದರು ಎಂಬುದು ನಾಡಿಗೆ ಗೊತ್ತು. ಊರೂರು ಸುತ್ತಿ ರೈತರಿಂದ ಕಾಳುಕಡಿ ಬೇಡಿ ತಂದರು. ಒಲೆ ಆರದಂತೆ ನೋಡಿಕೊಂಡರು. ಜಾತಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ಅವರ ಕೊನೆಯ ವರ್ಷಗಳಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಅಲ್ಲಿ ಉಂಡು, ಉಳಿದು, ಓದುತ್ತಿದ್ದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ಗುರುವಿನ ಒಂದು ಮಾತಿಗೆ ಒಪ್ಪಿಕೊಂಡದ್ದು ಎಂಬತ್ತೆಂಟು ವರ್ಷಗಳ ದುಡಿಮೆಯಾಯಿತು. ಉದ್ದಾನ ಶ್ರೀಗಳ ಆಜ್ಞೆ ಆ ತರುಣನಿಂದ ಅವನ ಬದುಕನ್ನೇ ಕೇಳಿತು, ಆದರೆ ತಮಗಾಗಿ ಕೇಳಲಿಲ್ಲ. ಹಸಿದ ಮಕ್ಕಳಿಗಾಗಿ ಕೇಳಿತು.

ಈಗ ನೋವಿನ ಮಾತು. ಗುರುವಿನ ಮೇಲಿಟ್ಟ ನಂಬಿಕೆಯಿಂದಲೇ ಮೋಸಹೋದವರು ನಮ್ಮ ನಡುವೆ ಇದ್ದಾರೆ. ಹೆಣ್ಣುಮಕ್ಕಳಿದ್ದಾರೆ, ಎಳೆಯರಿದ್ದಾರೆ, ಆಸ್ತಿ ಕಳೆದುಕೊಂಡ ಮುದುಕರಿದ್ದಾರೆ. ಶರಣಾಗತಿಯ ಬಗ್ಗೆ ಮಾತಾಡುವವನು ಅವರ ಮುಖ ನೋಡಿ ಮಾತಾಡಬೇಕು. ಅನ್ಯಾಯವನ್ನು ಸಹಿಸು, ಬಾಯಿ ಮುಚ್ಚು, ಗುರುನಿಂದೆ ಪಾಪ ಎಂದು ಅವರಿಗೆ ಹೇಳುವವರು ಶರಣರ ಹೆಸರು ಎತ್ತಬಾರದು. ಸಿದ್ಧರಾಮ ಪ್ರಶ್ನೆ ಕೇಳಿದ, ಕೇಳಿದ ಮೇಲೆ ಬಾಗಿದ. ಕೇಳಲು ಬಿಡದ ಕಡೆ ಬಾಗುವುದು ಭಕ್ತಿಯಲ್ಲ, ಅದು ಭಯ. ಅಪರಾಧವಾದಲ್ಲಿ ಪೊಲೀಸ್ ಠಾಣೆಗೆ ಹೋಗುವುದು ಧರ್ಮಕ್ಕೆ ಮಾಡಿದ ದ್ರೋಹವೂ ಅಲ್ಲ.

ಕಲ್ಲು ಬೀರಿದ ಆ ಕೆಲಸಗಾರರ ಬಗ್ಗೆಯೂ ನಾನು ಬಹಳ ಯೋಚಿಸಿದ್ದೇನೆ. ಅವರು ಕೆಟ್ಟವರಲ್ಲ. ದಿನವಿಡೀ ಬಿಸಿಲಲ್ಲಿ ಮಣ್ಣು ಹೊತ್ತವರು. ತಮ್ಮ ಗುರುವನ್ನು ಕಾಪಾಡುತ್ತಿದ್ದೇವೆ ಎಂದುಕೊಂಡೇ ಅವರು ಕಲ್ಲೆತ್ತಿದರು. ಆದರೆ ಅವರ ಗುರುವಿಗೆ ಆ ದಿನ ಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯನ ಮೇಲೆ ಅದನ್ನು ಎಸೆದರು. ಭಕ್ತರು ಹೀಗೆ ಅಡ್ಡಗೋಡೆಯಾದಾಗ ಗುರುವಿನ ಕಿವಿಗೆ ಸತ್ಯ ತಲುಪುವುದೇ ಇಲ್ಲ. ಇಂದು ಆ ಕಲ್ಲುಗಳ ಜಾಗಕ್ಕೆ ಮೊಬೈಲಿನ ಬೈಗುಳ ಬಂದಿದೆ, ಪ್ರತಿಭಟನೆ ಬಂದಿದೆ, ಪ್ರಶ್ನೆ ಕೇಳಿದವನ ಮನೆಗೆ ಹೋಗಿ ಹೆದರಿಸುವುದು ಬಂದಿದೆ. ನಿಮ್ಮ ಗುರುವಿನ ಮೇಲೆ ನಿಮಗೆ ನಿಜವಾಗಿ ಪ್ರೀತಿ ಇದ್ದರೆ ಅವರ ಬಾಗಿಲಿಗೆ ಬಂದ ಕಟುಮಾತಿನವನಿಗೆ ದಾರಿ ಬಿಡಿ.

ಕೊನೆಯದಾಗಿ ಮಠ, ಆಶ್ರಮ, ಧಾರ್ಮಿಕ ಸಂಸ್ಥೆಗಳನ್ನು ನಡೆಸುತ್ತಿರುವ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಹಲವರು ಈ ಸಭೆಯಲ್ಲೇ ಇದ್ದೀರಿ. ನಿಮ್ಮ ಸಂಸ್ಥೆಯಲ್ಲಿ ಚೆನ್ನಬಸವಣ್ಣನ ಜಾಗ ಯಾರಿಗಿದೆ? ಮಾವ ಪೂಜೆಯಲ್ಲಿದ್ದಾಗಲೂ ಒಳಗೆ ಬಂದು, ಇದು ತಪ್ಪು, ಏಳು ಎನ್ನಬಲ್ಲ ವಯಸ್ಸಿನಲ್ಲಿ ಚಿಕ್ಕವರೊಬ್ಬರು ನಿಮ್ಮ ಬಳಿ ಇದ್ದಾರೆಯೇ? ಲೆಕ್ಕಪತ್ರ ನೋಡುವ ಹುಡುಗಿ ಇರಬಹುದು, ಪ್ರಸಾದ ನಿಲಯದ ಅಡುಗೆಯವರು ಇರಬಹುದು, ಮಠದಲ್ಲೇ ಓದಿ ಹೊರಹೋಗಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿ ಇರಬಹುದು. ಅವರು ಮಾತಾಡಿದರೆ ಅವರ ಕೆಲಸ ಹೋಗದಿರುವ ವ್ಯವಸ್ಥೆ ಇದೆಯೇ? ಇಲ್ಲದಿದ್ದರೆ ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಿ, ಬರೆದು ನಿರ್ಣಯ ಮಾಡಿ, ಅವರ ಹೆಸರನ್ನು ಎಲ್ಲರಿಗೂ ತಿಳಿಯುವಂತೆ ಹಾಕಿ.